ಜೋಡಿ ನಕ್ಷತ್ರದ ಬೆಳಕು ಹಿಡಿದ ಗಾಜು

ನಾನು ಅಂಗೈಯಗಲದ ಒಂದು ಗಾಜಿನ ಫಲಕ. ಬೆಳಕು ತಾಕಿದರೆ ಕಪ್ಪಾಗುವ ಲೇಪವನ್ನು ನನಗೆ ಕತ್ತಲಲ್ಲೇ ಬಳಿದರು. ಕಪ್ಪು ಕಾಗದದಲ್ಲಿ ಸುತ್ತಿ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಕಳಿಸಿದರು. ಅಲ್ಲಿ ದೂರದರ್ಶಕದ ಹಿಂದಿನ ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನನ್ನು ಕೂರಿಸಿದರು. ಎರಡು ಗಂಟೆ ಹೊತ್ತು ಒಂದೇ ನಕ್ಷತ್ರದ ಬೆಳಕು, ಬಣ್ಣಬಣ್ಣವಾಗಿ ಬಿಡಿಸಿಕೊಂಡು, ನನ್ನ ಮೇಲೆ ಬಿತ್ತು. ಒಂದೇ ಎಂದೆನಲ್ಲ, ಅದು ಜೋಡಿ. ಒಂದು ಇನ್ನೊಂದರ ಅನಿಲವನ್ನು ಎಳೆದುಕೊಳ್ಳುತ್ತದೆ, ತಡೆಯಲಾರದಾದಾಗ ಸಿಡಿಯುತ್ತದೆ.

ರಾತ್ರಿಯೇ ನನ್ನನ್ನು ರಾಸಾಯನಿಕದಲ್ಲಿ ತೊಳೆದು ಒಣಗಿಸಿದರು; ಮಾರನೆಯ ಬೆಳಿಗ್ಗೆ ವಾಗ್ದೇವಿ ಸೂಕ್ಷ್ಮದರ್ಶಕದಡಿ ಇಟ್ಟಳು. ಫಲಕಗಳ ಮೇಲಿನ ಗೆರೆಗಳನ್ನು ಅಳೆಯುವುದು ಅವಳ ಕೆಲಸ. ಹೋದ ತಿಂಗಳ ಫಲಕದಲ್ಲಿ ಏನೂ ಇಲ್ಲದ ಜಾಗದಲ್ಲಿ ನನ್ನ ಮೇಲೆ ದಪ್ಪ ಕಪ್ಪು ಗೆರೆಯಿತ್ತು. ನನ್ನಲ್ಲಿ ಕಪ್ಪೆಂದರೆ ನಕ್ಷತ್ರದಲ್ಲಿ ಹೊಳಪು. ಎರಡೆರಡು ಸಲ ನೋಡಿ, ನನ್ನನ್ನು ಅಂಚಿನಲ್ಲಿ ಹಿಡಿದುಕೊಂಡು ಮುಖ್ಯಸ್ಥ ಹೆಬ್ಬಾರರ ಕೋಣೆಗೆ ಹೆಚ್ಚುಕಡಿಮೆ ಓಡಿದಳು.

"ಸಾರ್, ಹೀಲಿಯಂ ಗೆರೆ ಹೊಳೀತಿದೆ. ಹೋದ ತಿಂಗಳು ಇರಲೇ ಇಲ್ಲ. ನಕ್ಷತ್ರ ಸಿಡೀತಿದೆ ಅನ್ಸುತ್ತೆ."

ಹೆಬ್ಬಾರರು ನನ್ನನ್ನು ಕಿಟಕಿಗೆ ಹಿಡಿದರು. "ಈ ನಕ್ಷತ್ರ ಹಾಗೆಲ್ಲ ಆಡೋದಲ್ಲಮ್ಮ. ತೊಳೆಯುವಾಗ ಕಲೆ ಬಿದ್ದಿದೆ. ಪಕ್ಕಕ್ಕಿಡು."

"ಇನ್ನೊಂದು ತೆಗೆದು ನೋಡೋಣ ಸಾರ್."

ಅಂದು ಸಂಜೆಯೇ ಮೋಡ ಕವಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ನಕ್ಷತ್ರ ತಣ್ಣಗಾಗಿತ್ತು. ಹೊಸ ಫಲಕದಲ್ಲಿ ಆ ಗೆರೆ ಬರಲಿಲ್ಲ. ಹೆಬ್ಬಾರರು ಎಲ್ಲರೆದುರು ನನ್ನನ್ನು ಎತ್ತಿ ತೋರಿಸಿ, "ಇದು ನಮ್ಮ ವಾಗ್ದೇವಿಯ ಹೀಲಿಯಂ" ಎಂದರು. ಎಲ್ಲರೂ ನಕ್ಕರು. ನನ್ನ ಲಕೋಟೆಯ ಮೇಲೆ 'ಹಾಳು' ಎಂದು ಬರೆಯಲು ಅವಳಿಗೇ ಹೇಳಿದರು. ಬರೆದಳು.

ಮರದ ಪೆಟ್ಟಿಗೆಯಲ್ಲಿ ಮೂವತ್ತೆಂಟು ವರ್ಷ. ಎಡಕ್ಕೆ ಗಾಜು, ಬಲಕ್ಕೆ ಗಾಜು, ಅಲುಗಲು ಜಾಗವಿಲ್ಲ. ಕಂಡದ್ದೆಲ್ಲ ನನ್ನ ಮೈಮೇಲೇ ಇತ್ತು, ಓದುವವರು ಇರಲಿಲ್ಲ. ಬೀರುವಿನ ಬಾಗಿಲು ಕಿರ್ರೆಂದಾಗಲೆಲ್ಲ ಕಾದೆ. ಬೇರೆ ಪೆಟ್ಟಿಗೆ ಹೊರಗೆ ಹೋಗುತ್ತಿತ್ತು.

ಕೊನೆಗೆ ಆ ನಕ್ಷತ್ರವೇ ಮತ್ತೆ ಸಿಡಿಯಿತು. ಹಿಂದೆಂದಾದರೂ ಹೀಗಾಗಿತ್ತೇ ಎಂದು ಹುಡುಕುತ್ತ ತಬಸ್ಸುಮ್ ಎಂಬ ಸಂಶೋಧಕಿ ನನ್ನನ್ನು ಹೊರತೆಗೆದಳು. ಅದೇ ಗೆರೆ! ನನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅಂದಿನ ಅಳತೆ ಪುಸ್ತಕದಲ್ಲಿ 'ಹೀಲಿಯಂ?' ಎಂದು ಬರೆದು ಸಹಿ ಹಾಕಿದ್ದ, ಈಗ ನಿವೃತ್ತಳಾಗಿದ್ದ ವಾಗ್ದೇವಿಯ ಮನೆ ಹುಡುಕಿಕೊಂಡು ಹೋದಳು.

ವಾಗ್ದೇವಿ ಕನ್ನಡಕ ಹಣೆಗೇರಿಸಿ ನನ್ನನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ನೀವು ಸರಿಯಾಗೇ ನೋಡಿದ್ರಿ ಮೇಡಂ," ಎಂದಳು ತಬಸ್ಸುಮ್.

"ಗೊತ್ತಿತ್ತಮ್ಮ." ವಾಗ್ದೇವಿ ನನ್ನನ್ನು ಬಟ್ಟೆಯ ಮೇಲೆ ಇಟ್ಟಳು. "ಆಮೇಲೂ ಬೇರೆ ನಕ್ಷತ್ರಗಳಲ್ಲಿ ಇಂಥದ್ದು ಎರಡು ಸಲ ಕಂಡೆ. ಯಾರಿಗೂ ಹೇಳಲಿಲ್ಲ."

"ಯಾವ ಪ್ಲೇಟುಗಳು?"

"ನೆನಪಿಲ್ಲ. ಎಲ್ಲೂ ಬರೆದಿಡಲೂ ಇಲ್ಲ."

ಈಗ ನನ್ನ ಚಿತ್ರ ದೇಶದೇಶ ಸುತ್ತುತ್ತಿದೆಯಂತೆ. ನಾನು ಮಾತ್ರ ಮತ್ತೆ ಪೆಟ್ಟಿಗೆಯಲ್ಲಿ. ಈ ಕೋಣೆಯಲ್ಲಿ ಹನ್ನೊಂದು ಸಾವಿರ ಫಲಕಗಳಿವೆ. ಅವಳು ಬಾಯಿಬಿಡದ ಆ ಎರಡೂ ಇಲ್ಲೇ ಎಲ್ಲೋ ಇವೆ, ಬಹುಶಃ ನನಗೆ ಒತ್ತಿಕೊಂಡೇ. ನಮ್ಮ ನಮ್ಮಲ್ಲಿ ಮಾತಿಲ್ಲ.

ತಬಸ್ಸುಮ್ ಮೊದಲ ಬೀರುವಿನಿಂದ ಶುರುಮಾಡಿದ್ದಾಳೆ. ದಿನಕ್ಕೆ ಒಂದೇ ಪೆಟ್ಟಿಗೆ.