ಕೆರೆ ಏರಿ, ಬಲ ನಾಲ್ಕು

ಬೆಳಿಗ್ಗೆ ಆರೂವರೆ ಆಯಿತೆಂದರೆ ಅಚ್ಯುತ ತನ್ನ ಕೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಗಟ್ಟಿಯಾಗಿ ಓದಲು ಶುರು ಮಾಡುತ್ತಿದ್ದ. "ಎಂಬತ್ತು, ಎಡ ಐದು. ನಲವತ್ತು, ದಿಬ್ಬ, ನೇರ ಇಡು. ಬಲ ಎರಡು, ಒಳಗೆ ಕಲ್ಲು, ಕತ್ತರಿಸಬೇಡ." ಕೆಳಗಿನ ಮನೆಯಲ್ಲಿದ್ದ ಮನೆಯೊಡತಿ ಊರ್ಮಿಳಾಬೆನ್ ಇದನ್ನು ಒಂದೂವರೆ ವರ್ಷದಿಂದ ಕೇಳುತ್ತಾ ಬಂದಿದ್ದಳು. ದಕ್ಷಿಣದ ಕಡೆಯ ಯಾವುದೋ ಉದ್ದನೆಯ ಸ್ತೋತ್ರ ಅಂತ ಅವಳ ನಂಬಿಕೆ. ಓಣಿಯವರಿಗೆಲ್ಲ ಹಾಗೇ ಹೇಳಿಟ್ಟಿದ್ದಳು. ಅಚ್ಯುತ ತಿದ್ದಲು ಹೋಗಲಿಲ್ಲ. ಬರೋಡಾದ ಗೋರ್ವಾ ಬಡಾವಣೆಯಲ್ಲಿ ಮದುವೆಯಾಗದ ನಲವತ್ತಮೂರರ ಗಂಡಸಿಗೆ ಬಾಡಿಗೆ ಕೋಣೆ ಉಳಿಯಬೇಕಾದರೆ ದೈವಭಕ್ತ ಅನ್ನಿಸಿಕೊಳ್ಳುವುದು ಒಳ್ಳೆಯದೇ ಅಲ್ಲವೇ.

ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ಅವನ ಬಾಯಿಂದ ಕನ್ನಡ ಹೊರಡುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಆಮೇಲೆ ವಿಮಾ ಕಂಪನಿಯ ಆಫೀಸು, ಗುದ್ದಿಕೊಂಡ ಲಾರಿ, ಮಗುಚಿದ ಟೆಂಪೊ, ಹಿಂದಿಯಲ್ಲಿ ಜಗಳ, ಇಂಗ್ಲಿಷಿನಲ್ಲಿ ವರದಿ. ಬಡ್ತಿ ಕೊಟ್ಟು ತುಮಕೂರಿನಿಂದ ಬರೋಡಾಕ್ಕೆ ಎತ್ತಿ ಹಾಕಿದ್ದರು. ಬಡ್ತಿ ಬೇಡವೆಂದು ಬರೆದುಕೊಡುವಷ್ಟು ಧೈರ್ಯ ಇವನಿಗಿರಲಿಲ್ಲ. ಬಂದ ಮೇಲೆ ದಿನಾ ಪಶ್ಚಾತ್ತಾಪ ಪಡುವುದಕ್ಕೇನೂ ಕಡಿಮೆ ಮಾಡಲಿಲ್ಲ.

ಅವನು ಓದುತ್ತಿದ್ದದ್ದು ಕಾರ್ ರ್ಯಾಲಿಯ ನೋಟ್ಸು. ರ್ಯಾಲಿ ಕಾರಿನಲ್ಲಿ ಇಬ್ಬರು ಕೂರುತ್ತಾರೆ. ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಕೂತು ಮುಂದಿನ ತಿರುವು ಎಂಥದೆಂದು ಓದಿ ಹೇಳುತ್ತಾನೆ. ಓದುವವನಿಗೆ ನ್ಯಾವಿಗೇಟರ್ ಅಂತ ಹೆಸರು. ಒಂದು ಅಂದರೆ ಹೆಚ್ಚುಕಡಿಮೆ ಬಂದ ದಾರಿಗೇ ವಾಪಸು ತಿರುಗುವಂಥ ತಿರುವು, ಆರು ಅಂದರೆ ಆಕ್ಸಿಲರೇಟರಿನಿಂದ ಕಾಲು ಎತ್ತುವುದೇ ಬೇಡ. ಮಿಕ್ಕವೆಲ್ಲ ನಡುವಿನವು. ಎಂಬತ್ತು, ನೂರು ಅಂದರೆ ಮುಂದಿನ ತಿರುವಿಗೆ ಇರುವ ಮೀಟರು. ರ್ಯಾಲಿಗೆ ಮೊದಲು ಇಬ್ಬರೂ ನಿಧಾನವಾಗಿ ಆ ದಾರಿಯಲ್ಲಿ ಹೋಗುತ್ತಾರೆ, ಡ್ರೈವರ್ ಹೇಳುತ್ತಾನೆ, ನ್ಯಾವಿಗೇಟರ್ ಬರೆದುಕೊಳ್ಳುತ್ತಾನೆ. ರ್ಯಾಲಿಯ ದಿನ ಬರೆದವನು ಓದುತ್ತಾನೆ, ಹೇಳಿದವನು ಕೇಳುತ್ತಾನೆ.

ಅಚ್ಯುತ ಹನ್ನೊಂದು ವರ್ಷ ಹೀಗೆ ಓದಿದ್ದು ತುಮಕೂರಿನ ಚಂದ್ರಶೇಖರನಿಗೆ. ಚಂದ್ರಶೇಖರ ಹಳೇ ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿಯವನು, ಸ್ಟೀರಿಂಗ್ ಹಿಡಿದರೆ ರಾಕ್ಷಸ. ಇಬ್ಬರ ನೋಟ್ಸೂ ಅಚ್ಚ ಕನ್ನಡದಲ್ಲಿ. ರ್ಯಾಲಿಗೆ ಬರುವ ಮದ್ರಾಸಿನವರು ನಗುತ್ತಿದ್ದರು, ನಗಲಿ. ವಿಚಿತ್ರ ಏನೆಂದರೆ, ಹನ್ನೊಂದು ವರ್ಷ ಭುಜಕ್ಕೆ ಭುಜ ತಾಗಿಸಿ ಕೂತರೂ ಓಟದಲ್ಲಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇವನ ಕಣ್ಣು ಪುಸ್ತಕದ ಮೇಲೆ, ಅವನ ಕಣ್ಣು ರಸ್ತೆಯ ಮೇಲೆ. ಒಬ್ಬನಿಗೆ ಇನ್ನೊಬ್ಬ ಬರೀ ದನಿ.

ಪ್ರತಿವರ್ಷ ಆಯುಧಪೂಜೆ ಮುಗಿದ ವಾರದಲ್ಲಿ ಚಂದ್ರಶೇಖರ ರ್ಯಾಲಿಯ ಅರ್ಜಿಯ ಕೆಳಗಡೆ ಸಹಿ ಮಾತ್ರ ಹಾಕಿ ಅಂಚೆಗೆ ಹಾಕುತ್ತಿದ್ದ. ಎರಡು ಹೆಸರು, ವಯಸ್ಸು, ರಕ್ತದ ಗುಂಪು, ಎಲ್ಲ ತುಂಬುವುದು ಅಚ್ಯುತನ ಕೆಲಸ. ಆ ಖಾಲಿ ಅರ್ಜಿಯೇ ಕರೆಯೋಲೆ, ಬೇರೆ ಮಾತೇ ಇರಲಿಲ್ಲ. ಈ ವರ್ಷ, ತೊಂಬತ್ತೇಳರಲ್ಲಿ, ಅದು ಬರಲಿಲ್ಲ.

ಬದಲಿಗೆ ಬಂದದ್ದು ಸುದ್ದಿ. ಅಹಮದಾಬಾದಿನ ಇಂಗ್ಲಿಷ್ ಪೇಪರಿನ ಕ್ರೀಡಾಪುಟದಲ್ಲಿ ಎರಡಿಂಚು. ವಜ್ರಾ ಮೋಟಾರ್ಸ್ ಕಾರ್ಖಾನೆ ಇನ್ನು ಬೇರೆಯವರಿಗೆ ಕಾರು ಕೊಟ್ಟು ಸುಮ್ಮನಿರುವುದಿಲ್ಲ, ತನ್ನದೇ ತಂಡ ಕಟ್ಟುತ್ತದೆ. ಎರಡು ಕಾರು ವರ್ಷಪೂರ್ತಿ, ಮೂರನೆಯದು ದಕ್ಷಿಣದ ಎರಡು ರ್ಯಾಲಿಗೆ ಮಾತ್ರ. ಮೊದಲ ಕಾರಿಗೆ ಮದ್ರಾಸಿನ ಜೋಡಿ. ಎರಡನೆಯದಕ್ಕೆ ತುಮಕೂರಿನ ಚಂದ್ರಶೇಖರ. ಅವನ ಹೆಸರಿನ ಪಕ್ಕದಲ್ಲಿ, ನ್ಯಾವಿಗೇಟರನ ಹೆಸರು ಇರಬೇಕಾದ ಕಡೆ, 'ನಂತರ ಪ್ರಕಟಿಸಲಾಗುವುದು' ಎಂದಿತ್ತು.

ಆ ಎರಡಿಂಚು ಕಾಗದವನ್ನು ಅಚ್ಯುತ ಬ್ಲೇಡಿನಿಂದ ಕತ್ತರಿಸಿ ನೋಟ್ಸು ಪುಸ್ತಕದಲ್ಲಿಟ್ಟ. ಅಲ್ಲಿ ಬರುವುದು ತನ್ನ ಹೆಸರೇ, ಕಾರ್ಖಾನೆಯವರ ಕಾಗದಪತ್ರ ಮುಗಿಯಬೇಕಷ್ಟೆ ಎಂದು ತನಗೆ ತಾನೇ ಹೇಳಿಕೊಂಡ. ಬದುಕಿನಲ್ಲಿ ಅವನು ಬೇಕೆಂದು ಕೇಳಿದ್ದು ಆ ಒಂದು ಸೀಟು ಮಾತ್ರ. ಅದೂ ಬಾಯಿಬಿಟ್ಟು ಕೇಳಿದವನಲ್ಲ ಮಹಾರಾಯ. ಫೋನ್ ಮಾಡಿ 'ಏನೋ ಕಥೆ' ಅನ್ನಬಹುದಿತ್ತು. ಮಾಡಲಿಲ್ಲ. ಹೋದ ವರ್ಷ ವರ್ಗಾವಣೆಯ ಗಲಾಟೆಯಲ್ಲಿ ಎರಡು ರ್ಯಾಲಿ ತಪ್ಪಿಸಿದ್ದ, ಕೇಳುವ ಹಕ್ಕು ತನಗೆಲ್ಲಿದೆ ಎಂಬ ಸಂಕೋಚ. ಆದರೆ ಜನವರಿಯಲ್ಲಿ ಹನ್ನೆರಡು ದಿನ ರಜೆಗೆ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಂಡ. ಹೆಲ್ಮೆಟ್ಟಿನ ಪಟ್ಟಿ ಹೊಲಿಸಿದ. ಸ್ಟಾಪ್‌ವಾಚಿಗೆ ಹೊಸ ಸೆಲ್ ಹಾಕಿಸಿದ.

ಡಿಸೆಂಬರಿನ ಒಂದು ಗುರುವಾರ ಆಫೀಸಿಗೆ ಫೋನು ಬಂತು. "ಅಚ್ಚು, ನಾನು ಕಣೋ. ಈ ಭಾನುವಾರ ಬರೋಡಾಕ್ಕೆ ಬರ್ತಿದೀನಿ. ಗೊಲ್ಲರಕಟ್ಟೆ ರ್ಯಾಲಿ ನೋಟ್ಸು ಪುಸ್ತಕ ತೆಗೆದಿಟ್ಟಿರು," ಎಂದ ಚಂದ್ರಶೇಖರ.

ಅಚ್ಯುತನ ಎದೆ ಹಗುರಾಗಿ ಹೋಯಿತು. ಮರುದಿನ ಸೂರತ್ತಿನ ಪಕ್ಕದ ಉಧ್ನಾದಲ್ಲಿ ಸೀರೆ ಬಟ್ಟೆಯ ಥಾನು ತುಂಬಿದ್ದ ಒಂದು ಟೆಂಪೊ ಗೋಡೆಗೆ ಹೊಡೆದದ್ದನ್ನು ನೋಡಲು ಹೋಗಬೇಕಿತ್ತು. ಟೆಂಪೊದವನ ಮೇಲೆ ಒಂದು ಸಲವೂ ರೇಗದೆ ಕೆಲಸ ಮುಗಿಸಿ, ಸೂರತ್ತಿನಲ್ಲಿ ಇಳಿದು ಎರಡು ಕಿಲೋ ನಾನ್‌ಖಟಾಯಿ ಬಿಸ್ಕತ್ತು ಕೊಂಡ. ಚಂದ್ರಶೇಖರ ಸಿಹಿಗೆ ಸಾಯುತ್ತಾನೆ. ವಾಪಸು ಬರುವ ರೈಲಿನಲ್ಲಿ ಬಾಗಿಲ ಬಳಿ ನಿಂತು ಗೊಲ್ಲರಕಟ್ಟೆಯ ಇಪ್ಪತ್ತಾರು ಪುಟವನ್ನೂ ಬಾಯಿಪಾಠ ಹೇಳಿಕೊಂಡ. ಪಕ್ಕದವರು ಸ್ವಲ್ಪ ದೂರ ಸರಿದು ನಿಂತರು.

ಭಾನುವಾರ ಹನ್ನೊಂದಕ್ಕೆ ವಜ್ರಾ ಕಂಪನಿಯ ಬಿಳಿ ಕಾರು ಓಣಿಯಲ್ಲಿ ನಿಂತಿತು. ಇಳಿದವರು ಇಬ್ಬರು. ಚಂದ್ರಶೇಖರನ ಹಿಂದೆ ಇಪ್ಪತ್ತೈದರ ಒಂದು ಹುಡುಗಿ, ಕೈಯಲ್ಲಿ ಹೊಸ ನೋಟ್ ಬುಕ್ಕು.

"ಇವಳು ಮೇದಿನಿ. ವಜ್ರಾದಲ್ಲಿ ಇಂಜಿನಿಯರು. ಅಪ್ಪ ರೈಲ್ವೇಲಿದ್ರು, ಧಾರವಾಡದ ಕಡೆಯೋರು. ಇವಳು ಇಲ್ಲೇ ಪ್ರತಾಪನಗರದ ಕ್ವಾರ್ಟರ್ಸಲ್ಲಿ ಬೆಳೆದಿದ್ದು."

"ನಮಸ್ತೆ ಅಂಕಲ್," ಎಂದಳು ಹುಡುಗಿ. ಅಚ್ಯುತ ಖುಷಿಯಲ್ಲಿ ನಾನ್‌ಖಟಾಯಿ ಡಬ್ಬ ತೆರೆದ. ಕುರ್ಚಿ ಒಂದೇ ಇದ್ದದ್ದಕ್ಕೆ ಕ್ಷಮೆ ಕೇಳಿದ. ಹೆಲ್ಮೆಟ್ಟನ್ನು ಮಂಚದ ಮೇಲಿಂದ ಎತ್ತಿ ಎದ್ದು ಕಾಣುವ ಹಾಗೆ ಕಿಟಕಿಯ ಮೇಲಿಟ್ಟ, ಬೆಪ್ಪ. ಚಂದ್ರಶೇಖರ ಅದನ್ನು ನೋಡಿ ಮುಖ ತಿರುಗಿಸಿದ.

"ಅಚ್ಚು, ನ್ಯಾವಿಗೇಟರ್ ಹೆಸರು ಕೊಟ್ಟಾಯ್ತು ಕಣೋ. ಮೇದಿನೀದು. ಕಂಪನಿಯೋರ ಪ್ಲಾನೇ ಹಂಗೆ. ಕಾರಲ್ಲಿ ಅವರ ಇಂಜಿನಿಯರ್ರೇ ಕೂರಬೇಕಂತೆ. ಎಲ್ಲಿ ಮುರೀತದೆ, ಎಲ್ಲಿ ಬಾಗತದೆ ಅಂತ ಬಂದು ಡ್ರಾಯಿಂಗ್ ಮಾಡೋರಿಗೆ ಹೇಳಬೇಕಂತೆ. ನನ್ನ ಮಾತೆಲ್ಲಿ ನಡೀತದೆ ಹೇಳು."

"ಸರಿ ಬಿಡು," ಎಂದ ಅಚ್ಯುತ.

"ಮುಂಚೆನೇ ಹೇಳಬೇಕಿತ್ತು. ಬಾಯಿ ಬರಲಿಲ್ಲ."

"ಈಗ ಬಂತಲ್ಲ. ಪುಸ್ತಕ ಯಾಕೆ?"

ಪುಸ್ತಕ ಯಾಕೆಂದರೆ, ದಾರಿ ನೋಡಿಕೊಳ್ಳಲು ಈ ಸಲ ಒಂದೇ ಸುತ್ತು ಬಿಡುತ್ತಿದ್ದರು. ಹಳೆಯ ನೋಟ್ಸು ಇದ್ದವನೇ ರಾಜ. ಮೇದಿನಿಗೆ ಕನ್ನಡ ಓದಲು ಬಾರದು. ಅಚ್ಯುತ ಓದಬೇಕು, ಅವಳು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು.

ಅಚ್ಯುತ ಪುಸ್ತಕದ ಮೇಲೆ ಕೈಯಿಟ್ಟ. ತನ್ನ ಸೀಟು ಕೊಟ್ಟದ್ದು ಸಾಲದೆಂದು ತನ್ನ ಬಾಯನ್ನೂ ಕೊಡಬೇಕೇ? ಆದರೆ ಇಲ್ಲವೆನ್ನುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಪುಸ್ತಕ ಬಿಚ್ಚಿದ. ಹುಡುಗಿ ಕುರ್ಚಿಯಲ್ಲಿ, ಚಂದ್ರಶೇಖರ ಮಂಚದ ಅಂಚಿನಲ್ಲಿ, ತಾನು ನೆಲದಲ್ಲಿ.

"ನೂರು, ಎಡ ಐದು. ಅರವತ್ತು, ಬಲ ಮೂರು, ಜಾಲಿ ಪೊದೆ ಕಾಣ್ತದೆ, ಹೆದರಬೇಡ."

"ಅಂಕಲ್, ಥೋಡಾ ಧೀರೇ. ಕೇಳಿದ್ರೆ ನನಗೆ ಗೊತ್ತಾಗತ್ತೆ, ಬರಿಯೋದು ಲೇಟ್ ಆಗತ್ತೆ," ಎಂದಳು ಮೇದಿನಿ. ತಪ್ಪು ಅವಳದಲ್ಲ, ಅದು ಅವನಿಗೂ ಗೊತ್ತಿತ್ತು. ಅವಳ ಕೈಬರಹ ಅಚ್ಚುಕಟ್ಟು, ಅರ್ಥವಾಗದ್ದನ್ನು ಎರಡು ಸಲ ಕೇಳುತ್ತಿದ್ದಳು. ಒಳ್ಳೆಯ ನ್ಯಾವಿಗೇಟರ್ ಆಗುತ್ತಾಳೆ. ಹಾಗನ್ನಿಸಿದ್ದಕ್ಕೆ ಇನ್ನಷ್ಟು ನೋವಾಯಿತು.

ನಾಲ್ಕನೇ ಪುಟಕ್ಕೆ ಬರುವಾಗ ಚಂದ್ರಶೇಖರನ ಕಣ್ಣು ಮುಚ್ಚಿತ್ತು. ಎರಡು ಕೈ ಗಾಳಿಯಲ್ಲಿ ಇಲ್ಲದ ಸ್ಟೀರಿಂಗು ಹಿಡಿದಿದ್ದವು. ಅಚ್ಯುತ ಎಡ ಎಂದರೆ ಎಡಕ್ಕೆ, ಬಲ ಎಂದರೆ ಬಲಕ್ಕೆ, ಕಾಲು ನೆಲ ಒತ್ತುತ್ತಿತ್ತು, ಬಿಡುತ್ತಿತ್ತು. ಹುಡುಗಿಗೆ ಬರೆಸುವುದು ಮರೆತು ಅಚ್ಯುತನ ದನಿ ತಾನಾಗಿಯೇ ಆ ಕೈಗಳ ವೇಗಕ್ಕೆ ಹೊಂದಿಕೊಂಡಿತು. ಎಷ್ಟು ದಿನವಾಗಿತ್ತು, ಈ ಮಾತು ಕೇಳುವ ಒಬ್ಬ ಮನುಷ್ಯ ಎದುರಿಗೆ ಇದ್ದು.

ಹದಿನೇಳನೇ ಪುಟದಲ್ಲಿ ಅವನು ತಡೆದ. ಅಲ್ಲಿ ಬರೆದಿತ್ತು: ದಿಬ್ಬ, ಕೆರೆ ಏರಿ, ಬಲ ನಾಲ್ಕು.

ಎಂಬತ್ತಾರರಲ್ಲಿ, ಮೊದಲ ವರ್ಷ, ಚಂದ್ರಶೇಖರ ಹೇಳಿಬರೆಸಿದಂತೆ ಅಚ್ಯುತ ಅಲ್ಲಿ ನಾಲ್ಕು ಎಂದೇ ಓದಿದ್ದ. ಕಾರು ಏರಿಯಿಂದ ಜಾರಿ ಕೆರೆಯಂಗಳಕ್ಕೆ ಮಗುಚಿತು. ಚಂದ್ರಶೇಖರನ ಭುಜದ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿಯೂ ಆಸಾಮಿ, ತಿರುವು ನಾಲ್ಕೇ, ಟೈರು ಕೈಕೊಟ್ಟಿತು ಅಂದ. ಮುಂದಿನ ವರ್ಷವೂ ನಾಲ್ಕು ಎಂದೇ ಬರೆಸಿದ. ಅಚ್ಯುತ ವಾದ ಮಾಡಲಿಲ್ಲ. ನಾಲ್ಕು ಬರೆದುಕೊಂಡ, ಓಟದ ದಿನ ಮೂರು ಎಂದು ಓದಿದ. ಆಮೇಲೆ ಪ್ರತಿವರ್ಷವೂ ಅಷ್ಟೇ. ಬರೆಯುವುದು ನಾಲ್ಕು, ಓದುವುದು ಮೂರು. ಯಾರಿಗೂ ಹೇಳಲಿಲ್ಲ.

ಈಗ ಅವನೊಳಗಿನ ಸಿಟ್ಟು ಹೇಳಿತು: ಪುಸ್ತಕ ಕೇಳಿದರು, ಪುಸ್ತಕ ಓದು. ಬರೆದದ್ದಷ್ಟೇ ಓದು. ನಿನ್ನ ಜವಾಬ್ದಾರಿ ಮುಗಿಯಿತು.

"ದಿಬ್ಬ, ಕೆರೆ ಏರಿ, ಬಲ ನಾಲ್ಕು," ಎಂದ.

ಗಾಳಿಯಲ್ಲಿ ಚಂದ್ರಶೇಖರನ ಕೈ ನಿಂತುಬಿಟ್ಟಿತು. ಕಣ್ಣು ತೆರೆದ. "ಅಲ್ಲಿ ಮೂರು ಅಲ್ವೇನೋ? ನೀನು ಮೂರು ಅಂತೀಯ. ನನ್ನ ಕೈ ಮೂರಕ್ಕೆ ಹೋಯ್ತು."

ಚಂದ್ರಶೇಖರ ಬಗ್ಗಿ ಪುಸ್ತಕ ನೋಡಿದ. ಹಿಂದಿನ ವರ್ಷಗಳ ಪುಸ್ತಕಗಳನ್ನು ಗೂಡಿನಿಂದ ತೆಗೆದು ಒಂದೊಂದಾಗಿ ನೋಡಿದ. ಎಲ್ಲದರಲ್ಲೂ ನಾಲ್ಕು.

"ಇಷ್ಟು ವರ್ಷ ನನಗೆ ಸುಳ್ಳು ಓದಿದೀಯ?"

"ಆ ಜಾಗದಲ್ಲಿ ಮಾತ್ರ."

"ಊರೆಲ್ಲ ಹೇಳಿಕೊಂಡು ಬಂದಿದೀನಿ ಮಾರಾಯ, ಗೊಲ್ಲರಕಟ್ಟೆ ಏರೀನ ನಾಲ್ಕರಲ್ಲಿ ಹೊಡೀತೀನಿ ಅಂತ." ಚಂದ್ರಶೇಖರನ ಮುಖ ಕಪ್ಪಿಟ್ಟಿತು. ಹುಡುಗಿಯ ಎದುರಿಗೆ ಆದದ್ದು ಇನ್ನೂ ಕೆಟ್ಟದ್ದಾಯಿತು.

ಮೇದಿನಿ ಪೆನ್ನು ಹಿಡಿದು ಇಬ್ಬರನ್ನೂ ನೋಡಿದಳು. "ನಾನು ಏನು ಬರೀಲಿ?"

"ನಾಲ್ಕೇ ಬರಿ," ಎಂದ ಚಂದ್ರಶೇಖರ. "ನನ್ನ ರಸ್ತೆ ನನಗೆ ಗೊತ್ತಿದೆ."

ಉಳಿದ ಒಂಬತ್ತು ಪುಟ ಅಚ್ಯುತ ಒಂದೇ ದನಿಯಲ್ಲಿ ಓದಿ ಮುಗಿಸಿದ. ಚಂದ್ರಶೇಖರ ಕಣ್ಣು ಮುಚ್ಚಲಿಲ್ಲ, ಕೈ ಎತ್ತಲಿಲ್ಲ. ಊಟಕ್ಕೆ ನಿಲ್ಲದೆ ಎದ್ದ. ನಾನ್‌ಖಟಾಯಿಯನ್ನು ಮುಟ್ಟಿಯೂ ನೋಡಿರಲಿಲ್ಲ. ಹೋಗಿಬರುತ್ತೇನೆ ಎನ್ನದೆ ಮೆಟ್ಟಿಲಿಳಿದು ಕಾರು ಚಾಲೂ ಮಾಡಿದ.

ಮೇದಿನಿ ಬಾಗಿಲಲ್ಲಿ ಚಪ್ಪಲಿಯ ಬಕಲು ಹಾಕುತ್ತಿದ್ದಳು. ಹೋಗಲಿ, ಇಬ್ಬರೂ ಹೋಗಿ ಬೀಳಲಿ ಎಂದು ಅಚ್ಯುತನಿಗೆ ಅನ್ನಿಸಿದ್ದು ನಿಜ. ಸುಮ್ಮನಿದ್ದರೆ ಮುಂದಿನ ವರ್ಷ ತನ್ನನ್ನೇ ಹುಡುಕಿಕೊಂಡು ಬರಬಹುದು ಎಂದೂ ಅನ್ನಿಸಿತು. ಅನ್ನಿಸಿದ ಮರುಕ್ಷಣ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆ ಮುರಿದ ಎಲುಬಿನ ಸದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು.

"ಕೇಳಮ್ಮ," ಎಂದ ಮೆಲ್ಲಗೆ. "ಪುಸ್ತಕದಲ್ಲಿ ನಾಲ್ಕೇ ಇರಲಿ. ಓದುವಾಗ ಮೂರು ಅನ್ನು."

"ಅವರಿಗೆ ಗೊತ್ತಾದ್ರೆ?"

"ಓಡಿಸುವಾಗ ಅವನು ಕೇಳ್ತಾನೆ ಅಷ್ಟೇ, ಯೋಚನೆ ಮಾಡಲ್ಲ. ಹೆದರಿದ ಹಾಗೆ ಹೇಳಬೇಡ. ಮಿಕ್ಕ ಮೂರುಗಳನ್ನ ಹೇಗೆ ಹೇಳ್ತೀಯೋ ಹಾಗೇ ಹೇಳು."

ಅವಳು ತಲೆಯಾಡಿಸಿದಳು. ಎರಡು ಮೆಟ್ಟಿಲಿಳಿದು ತಿರುಗಿ, "ಸಾರಿ ಅಂಕಲ್," ಎಂದಳು. ಕಾರು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅಚ್ಯುತ ಅಲ್ಲೇ ನಿಂತಿದ್ದ. ಹತ್ತು ವರ್ಷ ತನ್ನೊಬ್ಬನದೇ ಆಗಿದ್ದ ಗುಟ್ಟೂ ಈಗ ಅವಳದಾಗಿತ್ತು.

ಮರುದಿನದಿಂದ ಬೆಳಿಗ್ಗೆ ಆರೂವರೆಗೆ ಮೇಲಿನ ಕೋಣೆಯಲ್ಲಿ ಸದ್ದಿರಲಿಲ್ಲ. ವಾರ ಕಾದು ಊರ್ಮಿಳಾಬೆನ್, ಸ್ತೋತ್ರ ನಿಲ್ಲಿಸಿಬಿಟ್ಟೆಯಾ ಎಂದು ಕೇಳಿಯೇಬಿಟ್ಟಳು: "ಭಾಯ್, ಪಾಠ ಬಂದ್ ಕರ್ ದಿಯಾ?" ಗಂಟಲು ಸರಿಯಿಲ್ಲ ಎಂದ. ಅವಳು ಅರಿಶಿನ ಹಾಕಿದ ಹಾಲು ಕಳಿಸಿದಳು. ಒಬ್ಬನೇ ಕೂತು ಕುಡಿದ.

ಮಂಜೂರಾದ ರಜೆಯನ್ನು ರದ್ದು ಮಾಡಿಸಬಹುದಿತ್ತು. ಮಾಡಿಸಲಿಲ್ಲ, ಆಫೀಸಿನಲ್ಲಿ ಕಾರಣ ಹೇಳುವುದು ಯಾರಿಗೆ ಬೇಕು. ಜನವರಿಯ ಹನ್ನೆರಡು ದಿನವನ್ನೂ ಗೋರ್ವಾದ ಕೋಣೆಯಲ್ಲೇ ಕಳೆದ. ಬಟ್ಟೆ ಒಗೆದ, ಸ್ಟವ್ ಉಜ್ಜಿದ, ಹೆಲ್ಮೆಟ್ಟನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಹತ್ತನೆಯ ದಿನ ಗೊಲ್ಲರಕಟ್ಟೆಯ ಓಟ. ಬೆಳಿಗ್ಗೆಯಿಂದ ಗಡಿಯಾರ ನೋಡಿದ್ದೇ ನೋಡಿದ್ದು. ಈಗ ಹೊರಟಿರುತ್ತಾರೆ, ಈಗ ದಿಬ್ಬ, ಈಗ ಏರಿ.

ಸಂಜೆ ಐದಕ್ಕೆ ಊರ್ಮಿಳಾಬೆನ್ ಕೆಳಗಿನಿಂದ ಕೂಗಿದಳು, ಫೋನಿದೆಯೆಂದು. ಅವನು ಮೆಟ್ಟಿಲಿಳಿದದ್ದು ಹೇಗೆಂದು ಅವನಿಗೇ ಗೊತ್ತಿಲ್ಲ.

"ಐದನೇ ಸ್ಥಾನ," ಎಂದ ಚಂದ್ರಶೇಖರ. ಹಿಂದೆ ಎಸ್‌ಟಿಡಿ ಬೂತಿನ ಗದ್ದಲ. "ಕಾರಿಗೇನೂ ಆಗಿಲ್ಲ. ಹುಡುಗೀಗೂ ಏನೂ ಆಗಿಲ್ಲ."

"ನಿನಗೆ?"

"ನಂಗೇನಾಗ್ತದೆ." ಬೂತಿನ ಬಾಗಿಲು ಎಳೆದುಕೊಂಡ ಸದ್ದಾಯಿತು. "ಏರೀಲಿ ಅವಳು ಮೂರು ಅಂದ್ಲು."

ಅಚ್ಯುತ ರಿಸೀವರನ್ನು ಬಿಗಿಯಾಗಿ ಹಿಡಿದ.

"ಅವಳ ಪುಸ್ತಕದಲ್ಲಿ ನಾಲ್ಕಿದೆ. ಬೆಳಿಗ್ಗೆ ನಾನೇ ನೋಡಿದ್ದೆ."

"ನೀನೇನು ಮಾಡ್ದೆ?"

"ಕಾಲು ತೆಗೆದೆ. ಇನ್ನೇನು ಮಾಡ್ಲಿ." ಚಂದ್ರಶೇಖರನ ದನಿ ತಗ್ಗಿತು. "ಆಮೇಲೆ ಪಕ್ಕಕ್ಕೆ ತಿರುಗಿ ನೋಡಿಬಿಟ್ಟೆ ಕಣೋ. ಓಡ್ತಿರೋ ಕಾರಲ್ಲಿ. ನೀನಿದ್ದಷ್ಟು ವರ್ಷ ಒಂದು ಸಲಾನೂ ತಿರುಗಿದೋನಲ್ಲ. ನೀನೇ ಕೂತಿದೀಯ ಅನ್ನಿಸ್ತು."

ಅಚ್ಯುತನಿಗೆ ಏನಾದರೂ ಹೇಳಬೇಕೆನ್ನಿಸಿತು. ಹೇಳುವಷ್ಟರಲ್ಲಿ ಆ ಕಡೆ ಯಾರೋ ಬೂತು ಬಿಡಿ ಎಂದು ಗದರಿದರು, ಲೈನು ಕಟ್ಟಾಯಿತು.

"ಬುರೀ ಖಬರ್?" ಅವನ ಮುಖ ನೋಡಿ, ಕೆಟ್ಟ ಸುದ್ದಿಯೇನೋ ಎಂದು ಊರ್ಮಿಳಾಬೆನ್ ಕೇಳಿದಳು.

"ನಹೀಂ. ಮೇರಾ ಆದ್ಮಿ ಠೀಕ್ ಸೇ ಪಹುಂಚ್ ಗಯಾ," ಎಂದ, ತನ್ನವನು ಕ್ಷೇಮವಾಗಿ ತಲುಪಿದನೆಂದು. ಫೋನು ಮತ್ತೆ ಬಂದೀತೇ ಎಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ, ಬರಲಿಲ್ಲ. ಎದ್ದು ಕೋಣೆಗೆ ಹೋದ. ರಜೆ ಇನ್ನೂ ಎರಡು ದಿನ ಉಳಿದಿತ್ತು.