ಖಾಲಿ ಸೀಟಿಗೆ ಹತ್ತುವ ದೀಪ

ನಾಗಲಕ್ಷ್ಮಿ ಗುಮ್ಮಘಟ್ಟದ ಸುತ್ತಲಿನ ಹಳ್ಳಿಗಳಿಗೆ ಓಡಾಡುವ ನರ್ಸಮ್ಮ. ಎರಡು ತಿಂಗಳ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಕಾರನ್ನು ಅವಳು ರಾಯದುರ್ಗದ ಕಾರ್ ಎಲೆಕ್ಟ್ರಿಷಿಯನ್ ಲಕ್ಷ್ಮೀನರಸಪ್ಪನ ಶೆಡ್ಡಿಗೆ ತಂದಾಗ ಬೆಳಗಿನ ಹತ್ತು ಗಂಟೆ. ಇಳಿದವಳು ಬಾಗಿಲು ಹಾಕದೆ ಅಲ್ಲೇ ನಿಂತಳು.

"ಅಣ್ಣಾರ, ಪಕ್ಕದ ಸೀಟಿನಾಗ ಯಾರೂ ಇರಂಗಿಲ್ರಿ. ಆದ್ರೂ ಬೆಲ್ಟ್ ಹಾಕ್ರಿ ಅಂತ ದೀಪ ಹತ್ತತೈತಿ, ಟಣ್ ಟಣ್ ಅಂತ ಬಡಕೊಂತೈತಿ. ನನ್ ಮಗಳು ಮೊದ್ಲು ಅಲ್ಲೇ ಕುಂದರ್ತಿದ್ಲು, ಈಗ ಒಲ್ಲೆ ಅಂತಾಳ. ಅಲ್ಲಿ ಯಾರೋ ಅದಾರಮ್ಮ ಅಂತಾಳ."

"ಸೀಟಿನೊಳಗೆ ಒಂದು ಸೆನ್ಸರ್ ಇರ್ತೈತೆ ಕಣಮ್ಮ. ತೂಕ ಬಿದ್ರೆ ಯೋಳ್ತೈತೆ. ಅದು ಕೆಟ್ಟಿರ್ಬೇಕು. ಸ್ಕ್ಯಾನರ್ ಹಾಕಿದ್ರೆ ಗೊತ್ತಾಯ್ತದೆ," ಅಂದ ಲಕ್ಷ್ಮೀನರಸಪ್ಪ. ಅವನು ಮಡಕಶಿರದವನು. ರಾಯದುರ್ಗಕ್ಕೆ ಬಂದು ನಾಲ್ಕು ವರ್ಷವಾದರೂ ನಾಲಗೆ ಬದಲಾಗಿರಲಿಲ್ಲ.

ಸ್ಟೀರಿಂಗಿನ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ಕೀಲಿ ತಿರುಗಿಸಿದ. ಸಂಪರ್ಕ ಸಿಗುತ್ತಿಲ್ಲ ಎಂದು ಪರದೆ ತೋರಿಸಿತು. ಬಿಚ್ಚಿ ಮತ್ತೆ ಹಾಕಿದ. ಅದೇ ಉತ್ತರ. ಸ್ಕ್ಯಾನರೇ ಕೆಟ್ಟಿದೆಯೋ ಎಂದು ಶೆಡ್ಡಿನಲ್ಲಿದ್ದ ಇನ್ನೊಂದು ಕಾರಿಗೆ ಹಾಕಿ ನೋಡಿದ. ಅಲ್ಲಿ ತಕ್ಷಣ ಎಲ್ಲ ಓದಿತು. ಫ್ಯೂಸ್ ತೆಗೆದು ನೋಡಿದ, ಸರಿಯಿತ್ತು. ಮಲ್ಟಿಮೀಟರಿನ ಕಡ್ಡಿಗಳನ್ನು ಪೋರ್ಟಿನ ತೂತುಗಳಿಗೆ ಹಿಡಿದ. ಬ್ಯಾಟರಿಯ ಕರೆಂಟ್ ಬರುತ್ತಿತ್ತು, ಅರ್ಥ್ ಕೂಡ ಚೆನ್ನಾಗಿತ್ತು. ಉಳಿದದ್ದು ಕಾರಿನ ಕಂಪ್ಯೂಟರುಗಳು ಮಾತಾಡುವ ಎರಡು ತಂತಿ. ಬ್ಯಾಟರಿ ಬಿಚ್ಚಿ ಅವುಗಳ ನಡುವೆ ಅಳೆದ. ಅರವತ್ತು ಓಮ್ ತೋರಿಸಬೇಕಿದ್ದ ಮೀಟರು ಏನನ್ನೂ ತೋರಿಸಲಿಲ್ಲ.

"ತಂತಿ ಎಲ್ಲೋ ಕಡ್ದೋಗೈತೆ," ಎಂದ. ಬ್ಯಾಟರಿ ಮತ್ತೆ ಸೇರಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆ ಬಿಚ್ಚಿ, ಅಂಗಾತ ಮಲಗಿ ಟಾರ್ಚ್ ಹಿಡಿದ.

ತಂತಿಗಳು ಒಂದು ಗೇಣು ಹೋಗಿ ನಿಂತಿದ್ದವು. ಇಲಿ ಕಡಿದದ್ದಲ್ಲ, ಕಟರಿನಿಂದ ಕತ್ತರಿಸಿದ್ದು. ತುದಿಗಳನ್ನು ಮಡಿಸಿ, ಕಪ್ಪು ಟೇಪು ಸುತ್ತಿ, ಟೇಪಿನ ಮೇಲೆ ಹಳದಿ ರೇಷ್ಮೆ ದಾರವನ್ನು ಒತ್ತೊತ್ತಾಗಿ ಬಿಗಿದು ಗಂಟು ಹಾಕಿತ್ತು.

ಅವನ ಕೈ ಅಲ್ಲೇ ನಿಂತಿತು. ಹಾಗೆ ಕಟ್ಟುವವನು ತಾನೊಬ್ಬನೇ. ಮಡಕಶಿರದ ಬಿಸಿಲಿಗೆ ಟೇಪು ಬಿಟ್ಟುಕೊಳ್ಳುತ್ತದೆಂದು, ನೂಲು ತೆಗೆಯುವ ಘಟಕಕ್ಕೆ ಕೆಲಸಕ್ಕೆ ಹೋಗುತ್ತಿದ್ದ ಹೆಂಡತಿಯಿಂದ ತುಂಡು ದಾರ ತರಿಸಿಕೊಂಡು ಕಟ್ಟುತ್ತಿದ್ದ.

ಈಗ ಬೂದು ಬಣ್ಣ ಬಳಿದಿದ್ದರೂ ಆಗ ಈ ಕಾರು ಬಿಳಿಯದಾಗಿತ್ತು. ಹಿಂದೂಪುರದ ಬ್ರೋಕರ್ ಒಬ್ಬ ತಂದಿದ್ದ. ಎಲ್ಲೋ ಗುದ್ದಿ ಏರ್‌ಬ್ಯಾಗುಗಳು ಒಡೆದುಹೋಗಿದ್ದವು. ಬ್ರೋಕರ್ ಹೊಸ ಬ್ಯಾಗು ಹಾಕಿಸದೆ ಮೇಲಿನ ಮುಚ್ಚಳ ಮಾತ್ರ ಹೊಸದು ಕೂರಿಸಿದ್ದ. "ಮೀಟರಲ್ಲಿ ಏರ್‌ಬ್ಯಾಗ್ ಲೈಟ್ ಕಾಣಬಾರ್ದು. ಯಾರಾದ್ರೂ ಸ್ಕ್ಯಾನರ್ ಹಾಕಿದ್ರೂ ಗೊತ್ತಾಗಬಾರ್ದು," ಎಂದಿದ್ದ. ಲಕ್ಷ್ಮೀನರಸಪ್ಪ ದೀಪದ ಮೇಲೆ ಕಪ್ಪು ಟೇಪು ಅಂಟಿಸಿ, ಈ ಎರಡು ತಂತಿ ಕತ್ತರಿಸಿ ಕೊಟ್ಟಿದ್ದ. ಒಂದು ಗಂಟೆಯ ಕೆಲಸ.

ಆರು ತಿಂಗಳಿಗೆ ಅಮರಾಪುರದ ರಸ್ತೆಯಲ್ಲಿ ಬಿಳಿ ಕಾರೊಂದು ಹುಣಸೆ ಮರಕ್ಕೆ ಗುದ್ದಿತೆಂದು ಊರಿನಲ್ಲಿ ಮಾತಾಯಿತು. ಓಡಿಸುತ್ತಿದ್ದ, ಊರಿನ ಕಡಲೆಕಾಯಿ ಮಿಲ್ಲಿನ ಗೋವರ್ಧನ್ ಉಳಿದ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಸೌಭಾಗ್ಯ ಉಳಿಯಲಿಲ್ಲ. ಬಿಳಿ ಕಾರು ಎಷ್ಟಿಲ್ಲ ಎಂದುಕೊಂಡ ಲಕ್ಷ್ಮೀನರಸಪ್ಪ. ನೋಡಲು ಹೋಗಲಿಲ್ಲ, ನಂಬರ್ ಕೇಳಲಿಲ್ಲ. ಎರಡು ತಿಂಗಳಲ್ಲಿ ಅಂಗಡಿ ಮುಚ್ಚಿ ಹೆಂಡತಿಯ ತವರಾದ ರಾಯದುರ್ಗಕ್ಕೆ ಬಂದುಬಿಟ್ಟ. ಅಲ್ಲಿಂದೀಚೆಗೆ ಶೆಡ್ಡಿಗೆ ಬಿಳಿ ಕಾರು ಬಂದರೆ ಬೇರೆ ಕಡೆ ಕಳಿಸಿಬಿಡುತ್ತಿದ್ದ.

ಟಣ್ ಟಣ್ ಎಂದು ಶುರುವಾಯಿತು. ಕೀಲಿ ಆನ್ ಆಗಿಯೇ ಇತ್ತು. ಪಕ್ಕದ ಸೀಟಿನಲ್ಲಿ ಕೂತವರು ಪಾದ ಇಡುವ ಜಾಗ ಅವನ ಕೆನ್ನೆಯ ಹತ್ತಿರದಲ್ಲೇ ಇತ್ತು. ಆ ಕಡೆ ಮುಖ ತಿರುಗಿಸಲು ಅವನಿಗೆ ಆಗಲಿಲ್ಲ. ತಣ್ಣಗಿನದೇನೋ ಕಿವಿಯ ಬಳಿ ಸುಳಿದಂತಾಯಿತು. ಕಣ್ಣು ಮುಚ್ಚಿದ. ಶಬ್ದ ತಾನಾಗಿ ನಿಂತ ಮೇಲೆ ನೋಡಿದ. ರಬ್ಬರ್ ಚಾಪೆ, ಅದರ ಮೇಲೆ ಒಂದಿಷ್ಟು ಕೆಂಪು ಧೂಳು.

ಎದ್ದು ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದು ಸರ್ವೀಸ್ ಪುಸ್ತಕ ನೋಡಿದ. ಎರಡನೆಯ ಪುಟದಲ್ಲಿ ಪೆನ್ನಿನಲ್ಲಿ ಬರೆದಿತ್ತು: ಗೋವರ್ಧನ್, ಮಡಕಶಿರ.

ಕತ್ತರಿಸಿದ್ದ ತಂತಿಗಳನ್ನು ಸೇರಿಸಿದ. ಸ್ಕ್ಯಾನರ್ ಈಗ ಓದಿತು. ಡ್ರೈವರ್ ಏರ್‌ಬ್ಯಾಗ್ ಇಲ್ಲ. ಪಕ್ಕದ ಏರ್‌ಬ್ಯಾಗ್ ಇಲ್ಲ. ಸೀಟಿನ ಸೆನ್ಸರ್ ಶಾರ್ಟ್. ಸೀಟಿನ ಅಡಿ ಕೈ ಹಾಕಿದ. ಮರಕ್ಕೆ ಗುದ್ದಿದ ಪೆಟ್ಟಿಗೆ ಬಾಗಿದ್ದ ಕಂಬಿ ಸೆನ್ಸರಿನ ತಂತಿಯನ್ನು ಅದುಮಿಕೊಂಡಿತ್ತು, ತಂತಿಯ ಸಿಪ್ಪೆ ಸವೆದು ಈಗ ತಾಮ್ರ ಕಾಣುತ್ತಿತ್ತು.

"ಸೆನ್ಸರ್ ಸಿಕ್ತಮ್ಮ," ಎಂದ. "ಆದ್ರೆ ಈ ಕಾರಲ್ಲಿ ಏರ್‌ಬ್ಯಾಗ್ ಇಲ್ಲ. ಅದು ಗೊತ್ತಾಗದಂಗೆ ಮುಚ್ಚಿಟ್ಟೋನು ನಾನೇ."

"ದಿನಾ ಮಗಳನ್ನ ಇದರಾಗ ಸಾಲಿಗೆ ಬಿಡ್ತೀನ್ರಿ ನಾನು," ಎಂದಳು. ಆಮೇಲೆ ಸೀಟನ್ನು ನೋಡುತ್ತಾ ಕೇಳಿದಳು: "ಅಲ್ಲಿ ಯಾರಾರ ಸತ್ತಾರೇನ್ರಿ?"

"ಹೂಂ."

ಅವಳು ಕಾರನ್ನು ಅಲ್ಲೇ ಬಿಟ್ಟು, ಹಿಂತಿರುಗಿ ನೋಡದೆ ಗುಮ್ಮಘಟ್ಟದ ಆಟೋ ನಿಲ್ಲುವ ಕಡೆ ನಡೆದಳು.

ಮರುದಿನ ಅವನು ಬಸ್ಸು ಹಿಡಿದು ಮಡಕಶಿರಕ್ಕೆ ಹೋದ. ಕಡಲೆಕಾಯಿ ಮಿಲ್ಲಿನ ಅಂಗಳದಲ್ಲಿ ಗೋವರ್ಧನ್ ಮೂಟೆ ಹೊಲಿಸುತ್ತಿದ್ದ. "ಏನ್ ನರಸಪ್ಪಣ್ಣ, ಊರೇ ಮರ್ತ್‌ಬಿಟ್ಟಿದ್ದೆ!" ಎಂದು ನಕ್ಕ. ಲಕ್ಷ್ಮೀನರಸಪ್ಪ ನಿಂತಲ್ಲೇ ಎಲ್ಲ ಹೇಳಿದ, ಒಂದನ್ನೂ ಬಿಡಲಿಲ್ಲ.

ಗೋವರ್ಧನ್ ಮೂಟೆ ಹೊಲಿಯುವವರನ್ನು ಆಚೆ ಕಳಿಸಿದ. "ಬ್ಯಾಗ್ ತೆರ್ಕಂಡಿದ್ರೆ ಉಳೀತಿದ್ಲಾ?"

"ಗೊತ್ತಿಲ್ಲಪ್ಪ. ಉಳೀಬೋದಿತ್ತು."

"ನಾಲ್ಕು ವರ್ಷದಿಂದ ನಾನೇ ಕೊಂದೆ ಅಂದ್ಕಂಡಿದೀನಿ. ನಮ್ಮತ್ತೇನೂ ಅಂಗೇ ಅಂದ್ಕಂಡೈತೆ. ತನ್ನ ಮನೆ ಬಾಗಿಲು ನನ್ನ ತುಳಿಯಕ್ಕೆ ಬಿಟ್ಟಿಲ್ಲ. ಬಾ, ಆಯಮ್ಮನ ಮುಂದೆ ಯೋಳು."

ಗೋವರ್ಧನನ ಬೈಕಿನಲ್ಲಿ ಇಬ್ಬರೂ ಅತ್ತೆಯ ಊರಾದ ಹೇಮಾವತಿಗೆ ಹೋದರು. ಸೌಭಾಗ್ಯಳ ತಾಯಿ ಕದರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅಳಿಯನನ್ನು ಕಂಡು ಮುಖ ಆಚೆ ಮಾಡಿದಳು. ಲಕ್ಷ್ಮೀನರಸಪ್ಪ ಮತ್ತೆ ಮೊದಲಿನಿಂದ ಹೇಳಿದ. ಅವಳ ಮೊರ ನಿಂತಿತು.

"ಆ ಕಾರೇ ಅಂತ ನಿಂಗೆ ಗೊತ್ತಿತ್ತಾ?"

"ಅನುಮಾನ ಇತ್ತಮ್ಮ. ಕೇಳ್ಲಿಲ್ಲ."

"ಕೇಳ್ಲಿಲ್ಲ," ಎಂದಳು ಅವಳೂ, ಮೆಲ್ಲಗೆ. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಅಳಿಯನ ಕಡೆ ತಿರುಗಿದಳು. "ಒಳೀಕ್ ಬಾರಪ್ಪ. ಬಿಸ್ಲಾಗೆ ಯಾಕ್ ನಿಂತಿದೀಯ."

ಗೋವರ್ಧನ್ ತಲೆ ಬಗ್ಗಿಸಿ ಒಳಗೆ ಹೋದ. ಕದರಮ್ಮ ಲಕ್ಷ್ಮೀನರಸಪ್ಪನಿಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಳಗಿನಿಂದ ಅಳು ಕೇಳಿಸಿತು. ಯಾರದೆಂದು ತಿಳಿಯಲಿಲ್ಲ. ಅವನು ನೆರಳಿಗೆ ಸರಿಯದೆ ನಿಂತೇ ಇದ್ದ. ಬಹಳ ಹೊತ್ತಿನ ಮೇಲೆ ಗೋವರ್ಧನ್ ಮುಖ ತೊಳೆದುಕೊಂಡು ಹೊರಗೆ ಬಂದ.

"ಸ್ಟೇಷನ್ನಾಗೆ ಇದನ್ನೇ ಬರ್ದ್‌ಕೊಡ್ತೀಯಾ? ಆ ಬ್ರೋಕರ್ ಹೆಸರೂ ಸೇರಿಸಿ?"

"ಕೊಡ್ತೀನಿ. ನನ್ನ ಹೆಸರೇ ಮೊದ್ಲು ಬರೀತೀನಿ," ಎಂದ ಲಕ್ಷ್ಮೀನರಸಪ್ಪ.