ಜಾಹೇದಾಳ ನೀರಡಿಕೆ

"ಬಾಗಲಾ ತೆಗೀ ಸುಜಾತಾ. ಬಿಸಲು ಏರಾಕತ್ತೈತಿ, ಮೈ ತೊಳೀಬೇಕು," ಎಂದು ವಿಮಲಾಬಾಯಿ ಮೂರನೆಯ ಸಲ ಕದ ತಟ್ಟಿದಳು.

ಸುಜಾತಾ ಮಂಚದ ಅಂಚಿಗೆ ಕೂತು, ಅವ್ವನ ಮೈಮೇಲಿದ್ದ ಕೌದಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವ್ವ ಸಾಬಮ್ಮ ಬೆಳಗಿನ ಐದೂವರೆಗೆ ಕೊನೆಯುಸಿರು ಬಿಟ್ಟಿದ್ದಳು. ಈಗ ಒಂಬತ್ತು ಗಂಟೆ. ಕಮಲಾಪುರದ ಆ ಎರಡು ಕೋಣೆಯ ಮನೆಯ ಮುಂದೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಅಣ್ಣ ಅಜಿತ ಕಲಬುರಗಿಯಿಂದ ಆಗಲೇ ಬಂದು, ಗಂಡಸರ ನಡುವೆ ತಲೆ ತಗ್ಗಿಸಿ ನಿಂತಿದ್ದ.

ಮೈ ತೊಳೆಯಬೇಕೆಂದರೆ ಹೊರಳಿಸಬೇಕು. ಹೊರಳಿಸಿದರೆ ಬೆನ್ನು ಕಾಣುತ್ತದೆ. ಬೆನ್ನೆಲುಬು ಮುಗಿಯುವಲ್ಲಿ ಅಂಗೈ ಅಗಲದ ಹುಣ್ಣು ಇತ್ತು. ಇಪ್ಪತ್ತು ದಿನದ ಹಿಂದೆ ಅದು ಅಂಗಿಯ ಗುಂಡಿಯಷ್ಟಿತ್ತು.

ಎರಡೂವರೆ ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆದಾಗ ಅಜಿತ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಹೊರಟಿದ್ದ. ಬೇಡವೆಂದವಳು ಸುಜಾತಾಳೇ. ನಾನಿರುವಾಗ ಅವ್ವನ ಮೈಗೆ ಬೇರೆಯವರು ಕೈ ಹಚ್ಚುವುದು ಬೇಡ ಎಂದು ನಾಲ್ಕು ಜನರೆದುರು ಹೇಳಿದ್ದಳು. ಅಪ್ಪನ ತಂಗಿ ವಿಮಲಾಬಾಯಿ ಆಗಲೇ ಮೂಗು ಮುರಿದಿದ್ದಳು. ತಹಶೀಲ್ದಾರ್ ಕಚೇರಿಯ ಕಂಪ್ಯೂಟರ್ ನೋಡುವವಳು ಅವ್ವನನ್ನು ಯಾವಾಗ ನೋಡುತ್ತಾಳೆ, ನಾವೂ ನೋಡೋಣ ಎಂದಿದ್ದಳು.

ಎರಡು ವರ್ಷ ಸುಜಾತಾ ಮಾತು ಉಳಿಸಿಕೊಂಡಳು. ಮೈ ಒರೆಸಿದಳು, ಗಂಜಿ ಕುಡಿಸಿದಳು, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದಳು. ಈ ವರ್ಷ ಕಚೇರಿಯಲ್ಲಿ ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಬಂತು. ಮನೆ ಮುಟ್ಟುವುದು ಎಂಟು ಗಂಟೆಯಾಗತೊಡಗಿತು. ಹಗಲು ನೋಡಿಕೊಳ್ಳುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ಹೋದವಳು ತಿರುಗಿ ಬರಲಿಲ್ಲ. ಹೊರಳಿಸಿದಾಗಲೆಲ್ಲ ಅವ್ವ ನರಳುತ್ತಿದ್ದಳು, ಹೊರಳಿಸದಿದ್ದರೆ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವಿಕೆಯನ್ನು ಸುಜಾತಾ ನೆಮ್ಮದಿ ಎಂದುಕೊಂಡಳು. ಹಾಗೆ ಅಂದುಕೊಂಡರೆ ತಾನೂ ಮಲಗಬಹುದಿತ್ತು. ಹುಣ್ಣು ಕಂಡ ಸಂಜೆ ಪೌಡರ್ ಉದುರಿಸಿ ಸೀರೆ ಎಳೆದಳು. ಡಾಕ್ಟರನ್ನು ಕರೆದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ದಿನ ದೂಡಿದಳು. ಕೊನೆಗೆ ಜ್ವರ ಬಂದಾಗ ಬಂದ ಡಾಕ್ಟರು ನಾಡಿ ನೋಡಿ, ಇಂಜೆಕ್ಷನ್ ಕೊಟ್ಟು, ವಯಸ್ಸಾಯಿತಲ್ಲ ಎಂದು ಹೋದರು. ಅವರು ಬೆನ್ನು ನೋಡಲಿಲ್ಲ. ಇವಳು ತೋರಿಸಲಿಲ್ಲ.

ಹೊರಗೆ ಗುಜುಗುಜು ನಿಂತಿತು. ಬಾಗಿಲ ಹತ್ತಿರ ಇನ್ನೊಂದು ದನಿ ಕೇಳಿಸಿತು.

"ಬೇಟಿ, ನಾನು. ಜಾಹೇದಾ."

ಸುಜಾತಾ ಎದ್ದು ಅಗುಳಿ ತೆಗೆದಳು.

ಅವ್ವನ ಉಸಿರು ನಿಂತ ಮೇಲೆ ಅವಳು ಮೊದಲು ಫೋನು ಮಾಡಿದ್ದು ಅಣ್ಣನಿಗಲ್ಲ, ಜಾಹೇದಾಳಿಗೆ. ಯಾಕೆಂದು ಅವಳಿಗೇ ತಿಳಿಯದು. ಕಲಬುರಗಿಯಲ್ಲಿದ್ದ ಕಾಲದಲ್ಲಿ ಸಾಬಮ್ಮನೂ ಜಾಹೇದಾಳೂ ಬೇಳೆ ಮಿಲ್ಲೊಂದರಲ್ಲಿ ಹದಿನೆಂಟು ವರ್ಷ ಎದುರುಬದುರು ಕೂತು ತೊಗರಿ ಹಸನು ಮಾಡಿದವರು. ಮಿಲ್ಲಿನ ಹೆಂಗಸರು ಎದುರಿಗಿಲ್ಲದವರ ಸುದ್ದಿ ತೆಗೆದರೆ ಸಾಕು, ಜಾಹೇದಾ ಮೊರ ಕೆಳಗಿಟ್ಟು ನೀರು ಕುಡಿಯಲು ಎದ್ದುಹೋಗುತ್ತಿದ್ದಳಂತೆ. ಸುದ್ದಿ ಮುಗಿದ ಮೇಲೆಯೇ ಬಂದು ಕೂಡುವುದು. ಮೇಲ್ವಿಚಾರಕನ ಹೆಂಡತಿ ಓಡಿಹೋದ ವಾರವಂತೂ ದಿನಕ್ಕೆ ಹತ್ತು ಸಲ ಎದ್ದಳೆಂದು ಅವ್ವ ಹೇಳಿ ನಗುತ್ತಿದ್ದಳು. ಯಾರೂ ಅವಳಿಂದ ಉಪದೇಶ ಕೇಳಿದ್ದಿಲ್ಲ, ನೀರಡಿಕೆಯನ್ನಷ್ಟೇ ಕಂಡಿದ್ದರು. ಅಪ್ಪ ದತ್ತಪ್ಪ ದೇವರೆಂಬುದೇ ಸುಳ್ಳು ಎನ್ನುತ್ತಿದ್ದ ಮನುಷ್ಯ. ಮನೆಯಲ್ಲಿ ಬುದ್ಧನ ಪಟವೊಂದನ್ನು ಬಿಟ್ಟು ಇನ್ನೇನನ್ನೂ ಇಡಗೊಡಲಿಲ್ಲ. ಅವನೂ ಒಮ್ಮೆ, ಉಳಿದ ದೇವರುಗಳಿಗೆ ತಮ್ಮ ಭಕ್ತರ ಬಾಯಿ ಮುಚ್ಚಿಸಲು ಬರುವುದಿಲ್ಲ, ಜಾಹೇದಾಳ ದೇವರಿಗೆ ಅದೊಂದಾದರೂ ಬರುತ್ತದೆ ಎಂದಿದ್ದ.

ಮಿಲ್ಲು ಬಿಟ್ಟ ಮೇಲೆ ಜಾಹೇದಾ ತೀರಿಕೊಂಡ ಹೆಂಗಸರ ಮೈ ತೊಳೆಯುವ ಕೆಲಸಕ್ಕೆ ಹೋಗತೊಡಗಿದ್ದಳು. ಅವಳ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವಳೇ ಬೇಕು. ಈಗ ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು, ಬಸ್ಸಿನ ಧೂಳನ್ನೂ ಒರೆಸಿಕೊಳ್ಳದೆ ನಿಂತಿದ್ದಳು. ಗೆಳತಿಯ ಮುಖ ನೋಡಿ, ಅವಳ ಹಣೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಸುಜಾತಾಳ ಕಡೆ ತಿರುಗಿ, ನಮ್ಮ ಪದ್ಧತಿ ನಮ್ಮವರಿಗೆ, ಇಲ್ಲಿ ನಿಮ್ಮ ಪದ್ಧತಿ ಏನಿದೆಯೋ ಅದರಂತೆ ಆಗಲಿ, ನಾನು ಬರೀ ನೀರು ಹಾಕುತ್ತೇನೆ ಎಂದಳು.

ವಿಮಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕಾಲಿಟ್ಟಳು.

"ನೀವು ಹೊರಗ ಇರ್ರಿ ಬಾಯಿ," ಎಂದಳು ಜಾಹೇದಾ. "ಇಬ್ಬರು ಸಾಕು. ಜೀವ ಇದ್ದಾಗ ಈಕಿ ನಾಕು ಮಂದ್ಯಾಗ ಬತ್ತಲಿ ಕುಂತಾಕಿ ಅಲ್ಲ."

"ನಾ ನಾದಿನಿ ಇದ್ದೀನಿ. ಹೊರಗಿನಾಕಿ ಅಲ್ಲ."

"ಅದಕ್ಕ ಹೇಳಾಕತ್ತೀನ್ರಿ. ಹೊರಗಿನಾಕಿ ನಾನು, ನನ್ನ ಮುಂದ ಆಕಿಗಿ ನಾಚಿಕಿ ಆಗಾಂಗಿಲ್ಲ."

ವಿಮಲಾಬಾಯಿ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಹೊಸಿಲಾಚೆ ನಿಂತಳು. ಅಷ್ಟರಲ್ಲಿ ಬಿಸಿನೀರಿನ ಬಕೆಟ್ಟುಗಳು ಒಳಗೆ ಬಂದವು, ಬಾಗಿಲು ಮುಚ್ಚಿತು.

ಜಾಹೇದಾ ಸಾಬಮ್ಮನ ಮೈಮೇಲೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ಒಂದು ದಪ್ಪ ಬಟ್ಟೆ ಹೊದಿಸಿದಳು. ಆ ಬಟ್ಟೆಯ ಕೆಳಗೇ ಕೈಯಾಡಿಸಿ ಹಳೆಯ ಸೀರೆ, ಕುಪ್ಪಸ ಬಿಡಿಸಿ ತೆಗೆದಳು. ಬಲಗೈಗೆ ಕೈಗವಸಿನಂಥ ಸಣ್ಣ ಬಟ್ಟೆಯ ಚೀಲ ತೊಟ್ಟುಕೊಂಡಳು, ಬರಿಗೈ ಮೈಗೆ ತಾಗಬಾರದು. ನೀರನ್ನು ಮೊದಲು ತನ್ನ ಮುಂಗೈಗೆ ಹಾಕಿ ಬಿಸಿ ನೋಡಿ, ಬಟ್ಟೆಯ ಮೇಲಿನಿಂದ ಸುರಿಯಲು ಹೇಳಿದಳು. ಸುಜಾತಾ ತಂಬಿಗೆಯಿಂದ ಸುರಿಯುತ್ತ ಹೋದಳು. ಬಟ್ಟೆಯ ಕೆಳಗೆ ಜಾಹೇದಾಳ ಕೈ, ಕಾಣದೆಯೇ ದಾರಿ ಗೊತ್ತಿರುವಂತೆ, ಬಲಭುಜದಿಂದ ಬಲಪಾದದವರೆಗೆ ನಿಧಾನವಾಗಿ ಇಳಿಯಿತು. ತೊಳೆಯುವವಳೂ ಏನನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಗೋಡೆಯ ಕಡೆಗಿತ್ತು.

"ಈಗ ಎಡಕ್ಕ ಹೊರಳಿಸೂಣು. ನೀ ತಲಿ ಹಿಡಿ."

ಸುಜಾತಾಳ ಕೈ ಏಳಲಿಲ್ಲ. ಜಾಹೇದಾ ಕಾದಳು. ಆಮೇಲೆ ತಾನೇ ಒಂದು ತೋಳನ್ನು ಕೆಳಗೆ ಕೊಟ್ಟು ಗೆಳತಿಯನ್ನು ತನ್ನ ಎದೆಗೆ ಆನಿಸಿಕೊಂಡು ಹೊರಳಿಸಿದಳು. ಚೀಲ ತೊಟ್ಟ ಕೈ ಬೆನ್ನಿನ ಮೇಲಿಂದ ಕೆಳಗೆ ಬಂದು ಒಂದು ಕಡೆ ನಿಂತಿತು. ವಾಸನೆ ಎದ್ದಿತು. ಜಾಹೇದಾ ಬಟ್ಟೆಯ ಅಂಚನ್ನು ನಾಲ್ಕು ಬೆರಳಷ್ಟು ಸರಿಸಿ ನೋಡಿದಳು.

ಸುಜಾತಾ ಕಾಯುತ್ತಿದ್ದಳು. ಕೇಳುವುದಾದರೆ ಈಗಲೇ ಕೇಳಲಿ ಎಂದು ಕಣ್ಣು ಮುಚ್ಚಿದಳು.

"ಬೇಟಿ, ಮನ್ಯಾಗ ಹತ್ತಿ ಐತೇನು?"

ಅಷ್ಟೇ ಕೇಳಿದ್ದು. ಸುಜಾತಾ ಹತ್ತಿ ತಂದುಕೊಟ್ಟಳು. ಜಾಹೇದಾ ಅಲ್ಲಿ ನೀರು ಸುರಿಯಲಿಲ್ಲ, ಕೈಯ ಚೀಲವನ್ನು ನೀರಲ್ಲಿ ಅದ್ದಿ ಹಿಂಡಿ ಹಿಂಡಿ ಒರೆಸಿದಳು, ಸತ್ತವಳಿಗೆ ಇನ್ನೂ ಉರಿಯುತ್ತದೆ ಎಂಬಂತೆ. ಹತ್ತಿಯಿಟ್ಟು, ಹೆಗಲ ಚೀಲದಿಂದ ತೆಗೆದ ಬಿಳಿ ಬಟ್ಟೆಯ ಪಟ್ಟಿಯಿಂದ ಸೊಂಟ ಸುತ್ತಿ ಕಟ್ಟಿದಳು. ಕರ್ಪೂರ ಅರೆದು ಕೊನೆಯ ತಂಬಿಗೆಗೆ ಬೆರೆಸಿದಳು. ಬಿಳಿ ಸೀರೆ ಉಡಿಸಿ, ಸೆರಗನ್ನು ತಲೆಯ ಮೇಲೆ ಹೊದಿಸಿ, ಬಾಚಣಿಗೆ ಕೇಳಿದಳು. ಸೊಟ್ಟಗಾಗಿದ್ದ ಬಾಯಿಯ ಪಕ್ಕ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಅದು ಪೂರಾ ನೇರವಾಗಲಿಲ್ಲ.

ಹೊರಗೆ ತಂದು ಮಲಗಿಸಿದ ಮೇಲೆ ಹೆಂಗಸರು ಸುತ್ತ ಕೂತು ಅತ್ತರು. ಅಳು ತುಸು ತಗ್ಗಿದಾಗ ವಿಮಲಾಬಾಯಿ ಜಾಹೇದಾಳ ಹತ್ತಿರ ಸರಿದಳು. ದನಿ ಮಾತ್ರ ಎಲ್ಲರಿಗೂ ಕೇಳುವಷ್ಟಿತ್ತು.

"ಬೆನ್ನು ಹ್ಯಾಂಗಿತ್ತು? ಹಾಸಿಗಿ ಹಿಡದವರಿಗಿ ಹುಣ್ಣು ಬೀಳತಾವ ಅಂತಾರ. ಛಲೋ ನೋಡ್ಕೊಂಡಿದ್ಳೇನು ಈಕಿ?"

ಸುಜಾತಾ ತಟ್ಟನೆ ತಲೆಯೆತ್ತಿ ಜಾಹೇದಾಳನ್ನು ನೋಡಿದಳು. ಗಂಡಸರ ಕಡೆಯಿಂದ ಅಜಿತನೂ ತಲೆಯೆತ್ತಿದ. ಜಾಹೇದಾ ಎದ್ದು ಕಟ್ಟೆಯ ಮೇಲಿದ್ದ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದಳು. ಇನ್ನೊಂದು ಲೋಟ ಬಗ್ಗಿಸಿಕೊಂಡಳು.

"ನಾ ಕೇಳಿದ್ದು ಕೇಳಿಸಲಿಲ್ಲೇನು?"

"ಕೇಳಿಸ್ತರೀ ಬಾಯಿ. ತೊಳದವರು ಕಂಡದ್ದು ಹೇಳಬಾರದು. ನಾಳಿ ನಿಮ್ಮನ್ನ ತೊಳಿಯೂದು ನನಗ ಬಂದ್ರ, ನಿಮ್ಮದೂ ಯಾರಿಗೂ ಹೇಳಾಂಗಿಲ್ಲ."

ಒಬ್ಬಿಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವಿಮಲಾಬಾಯಿ ಹಿಂದಕ್ಕೆ ಸರಿದು, ಇದ್ದಕ್ಕಿದ್ದಂತೆ ಅತ್ತಿಗೆಯ ಹೆಸರು ಹಿಡಿದು ಜೋರಾಗಿ ಅಳತೊಡಗಿದಳು. ಆ ಅಳು ಸುಳ್ಳಿನದಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬುದ್ಧನ ತ್ರಿಶರಣ ಹೇಳಿ ಸಾಬಮ್ಮನನ್ನು ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು. ಜಾಹೇದಾ ಊಟ ಮಾಡದೆ ಎರಡರ ಬಸ್ಸಿಗೆ ಹೋದಳು.

ಅದಾದ ಹನ್ನೊಂದನೆಯ ದಿನ ಸುಜಾತಾ ಕಚೇರಿಗೆ ರಜೆ ಹಾಕಿ ಕಲಬುರಗಿಯ ಬಸ್ಸು ಹತ್ತಿದಳು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಬಂದವರೆಲ್ಲ ಇಂಥ ಮಗಳು ಹೊಟ್ಟೆಯಲ್ಲಿ ಹುಟ್ಟಬೇಕು ಎಂದು ಹೋಗಿದ್ದರು. ಆ ಮಾತು ಕೇಳಿದ ದಿನ ಅವಳು ಬಡಿಸಿದ ತಟ್ಟೆಯನ್ನು ಹಾಗೇ ಸರಿಸುತ್ತಿದ್ದಳು. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ತುಂಬಿತು, ಪಕ್ಕದಲ್ಲಿ ಕೂತ ಮುದುಕಿ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಸುಜಾತಾ ಕಲಬುರಗಿ ಬರುವವರೆಗೂ ಭುಜ ಅಲುಗಿಸಲಿಲ್ಲ.

ಐವಾನ್-ಎ-ಶಾಹಿ ಅತಿಥಿಗೃಹದ ಹಿಂದಿನ ಓಣಿಯಲ್ಲಿ ಜಾಹೇದಾಳ ಮನೆ. ಅವಳು ಬಾಗಿಲ ಬೆಳಕಿಗೆ ಕೂತು ಕೈಗೆ ತೊಡುವ ಬಟ್ಟೆಯ ಚೀಲಗಳನ್ನು ಹೊಲಿಯುತ್ತಿದ್ದಳು. ಒಂದು ಸಾವಿಗೆ ಒಂದು ಜೊತೆ, ಮತ್ತೆ ಬಳಸುವಂತಿಲ್ಲ. ಬಂದದ್ದು ಯಾಕೆಂದು ಕೇಳದೆ ಚಾಪೆ ಸರಿಸಿಕೊಟ್ಟು, ನೀರು ಕೊಟ್ಟು, ಮತ್ತೆ ಸೂಜಿ ಹಿಡಿದಳು.

"ಖಾಲಾ, ಆವತ್ತು ನೀವು ನನಗ ಏನೂ ಕೇಳಲಿಲ್ಲ," ಎಂದಳು ಸುಜಾತಾ.

"ತೊಳದು ಬರೂಮುಂದ ಅಲ್ಲೇ ಮರತು ಬರತೀನಿ ಬೇಟಿ."

"ನನಗ ಮರಿಯಾಕ ಆಗವಲ್ಲದು." ಮಾತು ಶುರುವಾದದ್ದು ನಿಲ್ಲಲಿಲ್ಲ. ಹೊರಳಿಸದ ದಿನಗಳು, ಪೌಡರು, ಡಾಕ್ಟರಿಗೆ ತೋರಿಸದೆ ಇದ್ದದ್ದು, ಎಲ್ಲವನ್ನೂ ಹೇಳಿದಳು. ಜಾಹೇದಾ ಈ ಸಲ ನೀರಿಗೆಂದು ಏಳಲಿಲ್ಲ. ಸೂಜಿ ಬಟ್ಟೆಯಲ್ಲೇ ಚುಚ್ಚಿಟ್ಟು ಕೊನೆಯವರೆಗೂ ಕೇಳಿದಳು. ಅದು ತಪ್ಪಲ್ಲ ಎಂದೂ ಹೇಳಲಿಲ್ಲ.

"ಮಂದೀ ತಪ್ಪು ಮುಚ್ಚಂತ ನಿಮ್ಮ ಅಲ್ಲಾ ಹೇಳ್ಯಾನೇನ್ರಿ?" ಎಂದು ಕೊನೆಗೆ ಸುಜಾತಾ ಕೇಳಿದಳು. ಅಪ್ಪನ ಮಗಳಾಗಿ ಅಂಥ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿದವಳಲ್ಲ.

"ಹೇಳ್ಯಾನ ಖರೆ. ಹೇಳೂಕಿಂತ ಮೊದಲ ಮಾಡಿ ತೋರಿಸ್ಯಾನ. ಅರವತ್ತು ವರ್ಷದಾಗ ನನ್ನವು ಎಷ್ಟು ಮುಚ್ಚಿಟ್ಟಾನ, ನನಗೊಬ್ಬಾಕಿಗೇ ಗೊತ್ತು. ಒಂದ ಒಂದು ಬಯಲಿಗೆ ಹಾಕಿದ್ದನಂದ್ರ ನೀ ಇವತ್ತು ನನ್ನ ಮನ್ಯಾಗ ನೀರು ಕುಡೀತಿದ್ದಿಲ್ಲ."

"ಹಂಗಾರ ನಾನೂ ಸುಮ್ಮನ ಇದ್ದುಬಿಡ್ಲೇನು?"

ಜಾಹೇದಾ ದಾರವನ್ನು ಹಲ್ಲಿನಿಂದ ಕಡಿದಳು. "ಮುಚ್ಚೂದು ನನ್ನ ಪಾಲಿಂದು. ತೆಗಿಯೂದು, ಬಿಡೂದು ನಿಂದು. ಅದರಾಗ ನಾ ಬಾಯಿ ಹಾಕಾಂಗಿಲ್ಲ."

ಆಗ ಅವಳ ಫೋನು ರಿಂಗಾಯಿತು. ಯಾವುದೋ ಮನೆಯಲ್ಲಿ ಹಲೀಮಾ ಎಂಬ ಮುದುಕಿ ತೀರಿಕೊಂಡಿದ್ದಳು. ಜಾಹೇದಾ ಈಗಷ್ಟೇ ಹೊಲಿದ ಚೀಲಗಳನ್ನು ಮಡಚಿಟ್ಟುಕೊಂಡು, ಸುಜಾತಾಳ ತಲೆ ಸವರಿ, ಬುರ್ಖಾ ಹಾಕಿಕೊಂಡು ಹೊರಟಳು. ಓಣಿಯ ತಿರುವಿನವರೆಗೆ ಇಬ್ಬರೂ ಒಟ್ಟಿಗೆ ನಡೆದರು. ಎಲ್ಲ ಗೊತ್ತಿರುವವರೊಬ್ಬರ ಪಕ್ಕದಲ್ಲಿ, ಹೀಗೆ ಹಗಲು ಬೆಳಕಿನಲ್ಲಿ, ಏನೂ ಬಚ್ಚಿಡದೆ ನಡೆಯಬಹುದೆಂದು ಸುಜಾತಾಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ತಿರುವಿನಿಂದ ಬಸ್ ನಿಲ್ದಾಣಕ್ಕೆ ಹೋಗಬೇಕಾದವಳು ಶರಣಬಸವೇಶ್ವರ ದೇವಸ್ಥಾನದ ಕಡೆಗೆ ಹೋಗುವ ಆಟೋ ಹತ್ತಿದಳು. ಅಜಿತ ಆ ಕಡೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕ. ಮನೆಯೂ ಅಲ್ಲೇ ಹತ್ತಿರ. ಅವನು ಆಗತಾನೇ ಕೆಲಸದಿಂದ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಿದ್ದ. ತಂಗಿಯನ್ನು ಕಂಡು ಪಕ್ಕಕ್ಕೆ ಸರಿದ. ಅತ್ತಿಗೆ ಎರಡು ಕಪ್ ಚಹಾ ತಂದಿಟ್ಟು ಒಳಗೆ ಹೋದಳು.

"ಅಣ್ಣಾ, ಅವ್ವನ ಬೆನ್ನಿಗಿ ಹುಣ್ಣಾಗಿತ್ತು. ಇಪ್ಪತ್ತು ದಿನ ಆಗಿತ್ತು. ನಾ ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ ತೋರಿಸಲಿಲ್ಲ."

ಅಜಿತ ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಕೂತ. ಬೀದಿಯಲ್ಲಿ ಕಾಲೇಜು ಹುಡುಗಿಯರ ಗುಂಪೊಂದು ಜೋರಾಗಿ ಮಾತಾಡುತ್ತ ದಾಟಿ ಹೋಯಿತು. ಬೈಯಲಿ, ಹೊಡೆಯಲಿ, ಇನ್ನು ಮನೆಗೆ ಬರಬೇಡ ಎನ್ನಲಿ ಎಂದು ಸುಜಾತಾ ನೆಲ ನೋಡುತ್ತಿದ್ದಳು.

ಅವನು, "ಅವ್ವ ತೀರೂಕಿಂತ ಹಿಂದಿನ ಐತಾರ ನಾ ಬಂದಾಗ ವಾಸನಿ ಬಂದಿತ್ತು," ಎಂದ. "ಕೌದಿ ಎತ್ತಿ ನೋಡಬೇಕಂದೆ. ನೋಡಿದ್ರ ಇಲ್ಲಿಗೆ ಕರಕೊಂಡು ಬರಬೇಕಾಗತಿತ್ತು. ಕಾಲ ಕಡೆ ಕುಂತು ಎದ್ದು ಬಂದೆ."

ದೇವಸ್ಥಾನದ ಕಡೆಯ ದೀಪಗಳು ಒಂದೊಂದಾಗಿ ಹತ್ತಿದವು. ಮೆಟ್ಟಿಲ ಮೇಲಿನ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಅಜಿತ ಚಪ್ಪಲಿ ಕೆಳಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು, ತಂಗಿಯ ಕಪ್ಪಿನ ಮೇಲಿನ ಕೆನೆಯನ್ನು ಬೆರಳ ತುದಿಯಿಂದ ತೆಗೆದ. ಕಪ್ಪನ್ನು ಅವಳ ಕಡೆ ಸರಿಸಿದ.